ಎಫ್ ಸಾಲಿನ ಎರಡು ಕುರ್ಚಿಗಳು

ಅಪ್ಪಾ,

ನೀನು ಸತ್ತು ಮೂರು ತಿಂಗಳಾಯಿತು. ಆದರೂ ಭಾನುವಾರದ ರಗ್ಬಿ ಲೀಗ್ ಪಂದ್ಯಕ್ಕೆ ನೀನು ಬಂದಿದ್ದೆ ಎನ್ನುತ್ತಿದೆ ನಿನ್ನ ಕ್ಲಬ್ಬು.

"ಇಂದಿನ ಪ್ರೇಕ್ಷಕರು ನಾಲ್ಕು ಸಾವಿರದ ಇನ್ನೂರು" ಎಂದು ಮೈಕಿನಲ್ಲಿ ಸಾರಿದರು. ನಮ್ಮ ಹೋರಾಟದ ಕರಪತ್ರ ಹಂಚಲು ಹೋಗಿದ್ದ ನಾನು ಸಾಲು ಸಾಲಾಗಿ ಎಣಿಸಿದ್ದೆ. ಎರಡು ಸಾವಿರವೂ ಇರಲಿಲ್ಲ. ನೇರ ಟಿಕೆಟ್ ಕಚೇರಿಗೆ ಹೋಗಿ ಬೆರಿಲ್‌ಳನ್ನು ಕೇಳಿದೆ. ಇಡೀ ವರ್ಷದ ಪಂದ್ಯಗಳಿಗೆ ಒಟ್ಟಿಗೇ ಕೊಳ್ಳುವ ಸೀಸನ್ ಟಿಕೆಟ್ ಇರುವವರೆಲ್ಲ, ಬರಲಿ ಬಿಡಲಿ, ಹಾಜರಿ ಎಂದೇ ಲೆಕ್ಕವಂತೆ.

"ಸತ್ತವರನ್ನ ಕೂರಿಸ್ಕೊಂಡು ಯಾರಿಗೆ ಮೋಸ ಮಾಡ್ತಿದ್ದೀರಿ?" ಎಂದೆ.

"ಜನ ಇಲ್ಲ ಅಂತ ಗೊತ್ತಾದ್ರೆ ಜಾಹೀರಾತು ಕೊಡೋರು ಓಡಿಹೋಗ್ತಾರೆ ಕಣೇ. ಆಮೇಲೆ ಕ್ಲಬ್ಬಿಗೆ ಬೀಗ ಹಾಕಿ ನಿನ್ನ ಕರಪತ್ರ ಓದ್ತಾ ಕೂತ್ಕೋಬೇಕಷ್ಟೆ."

"ಸುಳ್ಳಿನ ಮೇಲೆ ನಿಂತಿರೋ ಕ್ಲಬ್ಬು ಎಷ್ಟು ದಿನ ಉಳಿಯುತ್ತೆ? ಮೊದಲು ನಮ್ಮಪ್ಪನ ಹೆಸರು ತೆಗೀರಿ."

ಅವಳು ಕಂಪ್ಯೂಟರ್ ನೋಡಿದಳು. "ಎಫ್ ಸಾಲಿನ ಹನ್ನೊಂದು ತೆಗೀತೀನಿ. ಹನ್ನೆರಡು? ಅದು ನಿಂದು. ಆರು ವರ್ಷದಿಂದ ನಿಮ್ಮಪ್ಪ ಎರಡೂ ಒಟ್ಟಿಗೇ ಕೊಳ್ತಿದ್ರಲ್ಲ."

ಪ್ರತಿ ವರ್ಷ ನೀನು ನನ್ನ ಟಿಕೆಟನ್ನು ಅಡುಗೆಮನೆಯ ಮೇಜಿನ ಮೇಲೆ ಇಡುತ್ತಿದ್ದೆ. ಇದು ದುಡ್ಡಿನವರ ಆಟ ಎಂದು ಅದನ್ನು ಮುಟ್ಟದೆ ನಾನು ಹೋರಾಟದ ಸಭೆಗಳಿಗೆ ಹೋಗುತ್ತಿದ್ದೆ. ಮೈಕಿನವನು ನನ್ನನ್ನೂ ಸೇರಿಸಿ ಸಂಖ್ಯೆ ಸಾರುವಾಗ ನೀನು ಖಾಲಿ ಕುರ್ಚಿಯ ಪಕ್ಕ ಕೂತಿರುತ್ತಿದ್ದೆ.

ಹನ್ನೊಂದನ್ನು ತೆಗೆಸಿದೆ. ಮುಂದಿನ ಭಾನುವಾರ ಹನ್ನೆರಡರಲ್ಲಿ ಕೂರುತ್ತೇನೆ. ಅವರ ಸುಳ್ಳಿನಲ್ಲಿ ಒಂದು ತಲೆಯಾದರೂ ನಿಜವಾಗಿರಲಿ.

ಹೇಜೆಲ್