ಗಂಗಕ್ಕನ ಎದೆ ತುಂಬಿದ ಉಸಿರು

ಆಗಸ್ಟ್ ೧೯, ಮಂಗಳವಾರ

ಕಾಲು ಸೋತಿವೆ, ನಗು ಮಾತ್ರ ನಿಲ್ಲುತ್ತಿಲ್ಲ.

ಬೈತಖೋಲ ಬಂದರಿನಲ್ಲಿ ಮೀನು ಮಾರುವ ಗಂಗಕ್ಕ ನ್ಯುಮೋನಿಯಾದಿಂದ, ಬೊಬ್ರುವಾಡದ ರೈತ ಬೊಮ್ಮಯ್ಯ ಇಲಿಜ್ವರದಿಂದ ನಮ್ಮ ಐಸಿಯುಗೆ ಬಂದವರು. ಇಬ್ಬರ ಶ್ವಾಸಕೋಶವೂ ಕೈಕೊಟ್ಟಿತ್ತು. ವೆಂಟಿಲೇಟರ್ ತೆಗೆದ ಮೇಲೂ ಗಂಗಕ್ಕ ಆಳವಾಗಿ ಉಸಿರೆಳೆಯಲು ಹೆದರುತ್ತಿದ್ದಳು. ಹಾಗೆ ಎಳೆದರೇ ಶ್ವಾಸಕೋಶ ಮತ್ತೆ ಅರಳುವುದು ಎಂದು ಬೇಡಿಕೊಂಡು ಬೇಡಿಕೊಂಡು ನರ್ಸ್ ಆದ ನಾನೇ ಸೋತಿದ್ದೆ.

ಇವತ್ತು ಪಕ್ಕದ ಮಂಚದಿಂದ, ಹೊತ್ತು ಹೋಗದ ಬೊಮ್ಮಯ್ಯ ಅಂದ: "ಬೈತಖೋಲದ ಬಂಗಡೆ ಮೀನು ಈಗ ಎಲ್ಲಾ ಹಳತೇ ಬಿಡಿ."

ಗಂಗಕ್ಕ ಎದ್ದು ಕೂತಳು. ಎದೆ ತುಂಬ ಉಸಿರೆಳೆದಳು.

"ಯಾರ ಬಂಗಡೆ ಹಳತು? ಕಿವಿರು ಎತ್ತಿ ನೋಡೂಕೆ ಬರ್ತದಾ ನಿಂಗೆ?"

ಇಡೀ ಐಸಿಯುಗೆ ಕೇಳಿತು. ಗದರಬೇಕಾದ ಡಾಕ್ಟರು, "ಬೊಮ್ಮಯ್ಯ, ಇನ್ನೊಂದ್ಸಲ ಹೇಳಿ" ಅಂದರು.

ನಾಳೆ ಸಿಗಡಿಯ ಬಗ್ಗೆಯೂ ಏನಾದರೂ ಅನ್ನಲು ಅವನಿಗೆ ಹೇಳಿಕೊಡಬೇಕು.