ನ್ಯಾಯಾಲಯಕ್ಕೆ ನಾಲ್ಕು ಕ್ರಿಯಾಪದ

ಮುದ್ದಿನ ಮಗಳು ನೆಲಿದಾಗೆ,

ನಿನ್ನ ಚಿಕ್ಕಪ್ಪ ಈಗ ಸ್ಪ್ಯಾನಿಷ್ ಪಂಡಿತ! ಲಿಮಾದಲ್ಲಿ ಎಲ್ಲರಿಗೂ ಸಾರು. ಹಿಂದಿನ ವಿಚಾರಣೆಯಲ್ಲಿ ‘ಸೈನಿಕರು ಅಣ್ಣನನ್ನು ಎಳೆದೊಯ್ದರು’ ಎಂದು ನಾನು ನಮ್ಮ ಕೆಚುವಾ ಭಾಷೆಯಲ್ಲಿ ಹೇಳಿದ್ದನ್ನು ದುಭಾಷಿ ‘ಊರು ಬಿಟ್ಟು ಹೋದ’ ಎಂದು ಮಾಡಿಬಿಟ್ಟ. ಈ ಸಲ ನಾನೇ ಹೇಳುತ್ತೇನೆ.

ಆದರೆ ಈ ಭಾಷೆಯ ಕೆಲವು ಕ್ರಿಯಾಪದಗಳು ಹೊರೆ ಹೊರುವ ನಮ್ಮ ಲಾಮಾ ಪ್ರಾಣಿಗಳಿಗಿಂತ ಮೊಂಡು. ತರುವುದಕ್ಕೆ ‘ತ್ರಯೆರ್’ ಎನ್ನಬೇಕು, ತಂದರು ಎನ್ನಲು ‘ತ್ರಾಹೆರೊನ್’. ನಾನು ‘ತ್ರಯೆರೊನ್’ ಎಂದುಬಿಟ್ಟೆ.

“ತಾತಾ, ಮತ್ತೆ ತಪ್ಪು! ಜಡ್ಜು ನಗ್ತಾರೆ ನೋಡಿ,” ಎಂದಳು ಸಂಜೆ ಶಾಲೆಯ ಟೀಚರ್ ಯೆಸೇನಿಯಾ.

“ನಗ್ಲಿ ಬಿಡವ್ವ. ಹುಚ್ಚು ಹಿಡಿದಿರೋದು ಅವರ ಭಾಷೆಗೆ, ನನಗಲ್ಲ.”

ಕೊನೆಗೆ ಒಂದೂ ತಪ್ಪಿಲ್ಲದೆ ಒಪ್ಪಿಸಿದೆ: ಬಂದರು. ಲಾರಿಗೆ ಹಾಕಿದರು. ನಾಳೆ ಬಿಡುತ್ತೇವೆ ಎಂದರು. ವಾಪಸು ತರಲಿಲ್ಲ. ಇಡೀ ತರಗತಿಯಲ್ಲಿ ನನ್ನಷ್ಟು ಚೆನ್ನಾಗಿ ಯಾರೂ ಹೇಳಲಿಲ್ಲ. ಯೆಸೇನಿಯಾ ಮಾತ್ರ ಹೊಗಳುವುದನ್ನು ಬಿಟ್ಟು, ಆ ಕಡೆ ತಿರುಗಿ ಹಲಗೆ ಒರೆಸುತ್ತ ನಿಂತಳು.

‘ಸತ್ತ’ ಎನ್ನುವುದನ್ನೂ ಕಲಿತಿದ್ದೇನೆ. ಆದರೆ ಮನೆಯಲ್ಲಿ ಅದನ್ನು ಬಾಯಿಪಾಠ ಮಾಡುವುದಿಲ್ಲ. ಆ ಮಾತು ಹೊರಬಿದ್ದರೆ ನಮ್ಮ ಪದ್ಧತಿಯಂತೆ ಐದನೆಯ ದಿನ ನಿನ್ನ ಅಪ್ಪನ ಬಟ್ಟೆಗಳನ್ನು ಹೊಳೆಯಲ್ಲಿ ಒಗೆದು, ಅವನ ಆತ್ಮವನ್ನು ಕಳಿಸಿಕೊಡಬೇಕು. ನಿನ್ನ ಅಮ್ಮ ಇಂದಿಗೂ ಆ ಬಟ್ಟೆಗಳನ್ನು ಬಿಸಿಲಿಗೆ ಹಾಕಿ, ಅವನು ಬಂದು ತೊಡುತ್ತಾನೆಂದು ಮಡಿಸಿಡುತ್ತಾಳೆ.

ಮಂಗಳವಾರ ಕೋರ್ಟಿನಲ್ಲಿ ಕೇಳಿದರೆ ನಾನು ಆ ಮಾತನ್ನು ಹೇಳಲೇಬೇಕು. ರಜೆ ಹಾಕಿ ಬಾ. ನಾನು ಕಟಕಟೆಯಲ್ಲಿ ನಿಂತಿರುತ್ತೇನೆ. ನಿನ್ನ ಅಮ್ಮನ ಪಕ್ಕದಲ್ಲಿ ಯಾರಾದರೂ ಕೂತಿರಬೇಕು.

ನಿನ್ನ ದಾರಿ ನೋಡುವ ಚಿಕ್ಕಪ್ಪ,
ಎಲಾದಿಯೊ