ಅಪ್ಪನ ನಾಲ್ಕು ಪದಗಳು

ಮೇಷ್ಟ್ರೇ, ನಮಸ್ಕಾರ.

ನಿಮ್ಮ ವ್ಯಾಕರಣದ ಪರೀಕ್ಷೆ ಬರೆಯದೆ ಶಾಲೆ ಬಿಟ್ಟ ಸೈಕಲ್ ಅಂಗಡಿಯ ಹುಡುಗಿ ನಾನು. ಬಿಟ್ಟಿದ್ದಕ್ಕೆ ಈಗಲೂ ಬೇಸರವಿಲ್ಲ, ಸುಳ್ಳು ಹೇಳಲಾರೆ.

ಪಾರ್ಶ್ವವಾಯು ಬಡಿದ ಮೇಲೆ ಅಪ್ಪನಿಗೆ ಪದಗಳು ಉಳಿದಿವೆ, ಅವುಗಳ ಬಾಲಗಳು ಉದುರಿಹೋಗಿವೆ. "ಕನ್ನಡಕ, ಅಮ್ಮ" ಎಂದರೆ ನಾನು "ಅಮ್ಮನದಾ? ಅಮ್ಮನಿಗಾ?" ಎಂದು ಒಂದೊಂದೇ ಪ್ರತ್ಯಯ ಹಚ್ಚಿ ನೋಡುತ್ತೇನೆ, ನಟ್ಟಿಗೆ ಸ್ಪ್ಯಾನರ್ ಹೊಂದಿಸಿದ ಹಾಗೆ. ಸರಿಯಾದದ್ದು ಕೂತರೆ ತಲೆಯಾಡಿಸುತ್ತಾರೆ. ಇಷ್ಟು ಚಿಕ್ಕ 'ಗೆ' ಇಷ್ಟು ಭಾರ ಹೊರುತ್ತದೆಂದು ತರಗತಿಯಲ್ಲಿ ನನಗೆ ಹೊಳೆದೇ ಇರಲಿಲ್ಲ.

ಅಂಗಡಿ ಈಗ ಅಣ್ಣನ, ನನ್ನ ಇಬ್ಬರ ಕೈಯಲ್ಲೂ ಇದೆ. ಮೊನ್ನೆ ಅಪ್ಪ ಹೇಳಿದರು: "ಅಂಗಡಿ... ಅಣ್ಣ... ನೀನು... ಕೊಡು."

ಅಣ್ಣನಿಗೆ ನಾನು ಕೊಡಬೇಕೋ, ಅಣ್ಣ ನನಗೆ ಕೊಡಬೇಕೋ? ಎರಡನ್ನೂ ಕೇಳಿದೆ. ಎರಡನೆಯದಕ್ಕೆ ತಲೆಯಾಡಿಸಿದರು. ಅಣ್ಣ ನಕ್ಕುಬಿಟ್ಟ: "ಬಾಲ ಅಂಟಿಸೋಳೂ ನೀನೇ, ಅರ್ಥ ಹೇಳೋಳೂ ನೀನೇ. ಚೆನ್ನಾಗಿದೆ ಕಣೇ!"

ಅವನ ಮಾತಿನಲ್ಲಿ ಹುರುಳಿದೆ. "ನನಗೆ" ಎನ್ನುವಾಗ ನನ್ನ ಮುಖ ಅರಳಿತ್ತು. ಅಪ್ಪ ಒಪ್ಪಿದ್ದು ಆ ವಾಕ್ಯವನ್ನೋ, ನನ್ನ ಮುಖವನ್ನೋ?

ಭಾನುವಾರ ಬಂದು ನೀವೇ ಕೇಳಿ. ಎರಡೂ ವಾಕ್ಯಗಳನ್ನು ಒಂದೇ ದನಿಯಲ್ಲಿ ಹೇಳಬೇಕು. ತರಗತಿಯಲ್ಲಿ ನಮಗೆ ನಿದ್ದೆ ಬರಿಸುತ್ತಿದ್ದ ಆ ದನಿಯೇ ಆದೀತು. ನಾನು ಹೊರಗೆ ನಿಮ್ಮ ಸೈಕಲ್ಲಿನ ಬ್ರೇಕ್ ಬಿಗಿ ಮಾಡುತ್ತಿರುತ್ತೇನೆ. ಉತ್ತರ ಅಣ್ಣನ ಕಡೆಗೆ ಬಂದರೆ, ಆ ಬ್ರೇಕ್ ಮುಗಿಸಿ ಅಂಗಡಿಯ ಬೀಗದ ಕೈಯನ್ನು ಅವನಿಗೆ ಕೊಡುತ್ತೇನೆ.

ಇಂತಿ,
ಕಿಟಕಿ ಪಕ್ಕದ ಬೆಂಚಿನವಳು